240 ಪೇಪರ್ ಅಂದರೆ ದೊಡ್ಡ ವಿಜ್ಞಾನಿಯೇ?

ಮಿದುಳಿನ ಮೇಲೆ ಔಷಧಿಗಳು ಹೇಗೆ ಕೆಲಸ ಮಾಡುತ್ತವೆ ಅಂತ ನೋಡುತ್ತಲೇ 31 ವರ್ಷ ಕಳೆದವಳು ನಾನು. ನಮ್ಮ ಶಾಸ್ತ್ರಕ್ಕೆ ನ್ಯೂರೋಫಾರ್ಮಕಾಲಜಿ ಅಂತ ಹೆಸರು. ಹೋದ ಸಂಚಿಕೆಯಲ್ಲಿ ನಿದ್ದೆ ಮಾತ್ರೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಮಾತ್ರೆಯನ್ನು ಬಿಟ್ಟು, ಅದರ ಹಿಂದೆ ಬಿದ್ದವರ ಬಗ್ಗೆ ಕೇಳಿವೆ. ಸರಿ, ಈ ಸಲ ಅದೇ ಆಗಲಿ.

ಪ್ರಶ್ನೆ: ಮೇಡಂ, ನನ್ನ ಮಗಳು ನ್ಯೂರೋಫಾರ್ಮಕಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಿದ್ದಾಳೆ. ಅವಳು ಗೈಡ್ ಆಗಿ ಆರಿಸಿಕೊಂಡ ಪ್ರೊಫೆಸರ್ ಹೆಸರಿನ ಕೆಳಗೆ 240 ಪೇಪರ್, 9,000 ಸೈಟೇಷನ್, ಎಚ್-ಇಂಡೆಕ್ಸ್ 48 ಅಂತ ಇದೆ. ನನಗೆ ಕ್ರಿಕೆಟ್ ಸ್ಕೋರ್ ನೋಡಿದ ಹಾಗಾಯಿತು. ಇದನ್ನು ಹೇಗೆ ಓದಬೇಕು? — ಒಬ್ಬ ತಂದೆ

ಉತ್ತರ: ಸ್ಕೋರ್ ಅಂದಿರಲ್ಲ, ಸರಿಯಾಗಿಯೇ ಅಂದಿರಿ. ಆದರೆ ಸ್ಕೋರ್ ನೋಡುವಾಗ ಪಿಚ್ ಹೇಗಿತ್ತು, ಎದುರಾಳಿ ಯಾರು ಅಂತಲೂ ನಿಮಗೆ ಗೊತ್ತಿರುತ್ತದೆ. ಇಲ್ಲಿ ಅದು ಯಾವುದೂ ಕಾಣುವುದಿಲ್ಲ.

ಮೊದಲು ಅಂಕಿಗಳ ಅರ್ಥ ನೋಡೋಣ. ಪೇಪರ್ ಅಂದರೆ ಪ್ರಕಟವಾದ ಸಂಶೋಧನಾ ಲೇಖನ. ಇನ್ನೊಬ್ಬರು ತಮ್ಮ ಲೇಖನದಲ್ಲಿ ಅದನ್ನು ಹೆಸರಿಸಿದರೆ ಅದು ಒಂದು ಸೈಟೇಷನ್. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹೊರ್ಹೆ ಹಿರ್ಷ್ ಎಂಬ ಭೌತಶಾಸ್ತ್ರಜ್ಞ ಸೂಚಿಸಿದ. ಲೆಕ್ಕ ಸುಲಭ. ಒಬ್ಬರದು ಐದು ಪೇಪರ್ ಅಂದುಕೊಳ್ಳಿ. ಅವಕ್ಕೆ ಕ್ರಮವಾಗಿ 90, 40, 6, 3, 1 ಸೈಟೇಷನ್ ಬಂದಿವೆ. ಕನಿಷ್ಠ ಮೂರು ಮೂರು ಸಲ ಹೆಸರಿಸಿದ ಮೂರು ಪೇಪರ್ ಇವೆ. ನಾಲ್ಕು ನಾಲ್ಕು ಸಲ ಹೆಸರಿಸಿದ ನಾಲ್ಕು ಪೇಪರ್ ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 3. ಆ 90 ಇರುವ ಜಾಗದಲ್ಲಿ 9,000 ಇದ್ದರೂ 3 ಮೂರೇ. ನಿಮ್ಮ ಪ್ರೊಫೆಸರ್‌ಗೆ 48 ಅಂದರೆ, ಕನಿಷ್ಠ 48 ಸಲ ಹೆಸರಿಸಿದ 48 ಪೇಪರ್ ಇವೆ ಅಂತ. ಒಳ್ಳೆಯದೇ. ಅವರು ಕೆಲಸ ಮಾಡಿದ್ದಾರೆ, ಜನ ನೋಡಿದ್ದಾರೆ.

ಆದರೆ ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಹತ್ತು ವರ್ಷ ಏನೂ ಮಾಡದೆ ಕೂತರೂ ಹಳೆಯ ಪೇಪರ್‌ಗಳಿಗೆ ಸೈಟೇಷನ್ ಬರುತ್ತಾ ಇರುತ್ತದೆ. ಹಾಗಾಗಿ ಅರವತ್ತು ದಾಟಿದವರನ್ನೂ ಮೂವತ್ತೈದರವರನ್ನೂ ಇದರಲ್ಲಿ ಹೋಲಿಸುವುದು ಸರಿಯಲ್ಲ.

ಆಮೇಲೆ ಆ 240. ಇಪ್ಪತ್ತೈದು ವರ್ಷದಲ್ಲಿ ಬರೆದದ್ದು ಅಂದುಕೊಂಡರೂ ವರ್ಷಕ್ಕೆ ಹತ್ತು ಪೇಪರ್ ಆಯಿತು. ನಮ್ಮ ಕೆಲಸದಲ್ಲಿ ಇಲಿ ಬಂದ ಮೇಲೆ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವಾರ ಬಿಡಬೇಕು. ಮೂರು ನಾಲ್ಕು ವಾರ ಔಷಧಿ ಕೊಡಬೇಕು. ನೆನಪಿನ ಪರೀಕ್ಷೆ ಮಾಡಬೇಕು, ಮಿದುಳು ತೆಗೆದು ರಾಸಾಯನಿಕ ಅಳತೆ ಮಾಡಬೇಕು, ಲೆಕ್ಕ ಹಾಕಬೇಕು, ಬರೆಯಬೇಕು, ಪ್ರಕಟಿಸುವ ಮೊದಲು ಪತ್ರಿಕೆಯವರು ಓದಿಸುವ ವಿಮರ್ಶಕರ ಹತ್ತಿರ ಬೈಸಿಕೊಳ್ಳಬೇಕು. ನನ್ನ ಕೈಯಲ್ಲಿ ಒಂದಕ್ಕೆ ಒಂದೂವರೆ ವರ್ಷಕ್ಕೆ ಕಡಿಮೆ ಹಿಡಿದದ್ದು ನೆನಪಿಲ್ಲ. ವರ್ಷಕ್ಕೆ ಹತ್ತು ಅಂದರೆ ಅಲ್ಲಿ ತುಂಬಾ ಕೈಗಳಿವೆ. ಅದು ತಪ್ಪಲ್ಲ, ದೊಡ್ಡ ಲ್ಯಾಬ್ ಇರಬಹುದು. ಆದರೆ ನಿಮ್ಮ ಮಗಳು ಆ ಕೈಗಳಲ್ಲಿ ಒಂದಾಗುತ್ತಾಳೆ. ಆದ್ದರಿಂದ ಒಂದು ಸಂಜೆ ಅವಳ ಜೊತೆ ಕೂತು ಪಬ್‌ಮೆಡ್ ಎಂಬ, ವೈದ್ಯಕೀಯ ಪೇಪರ್‌ಗಳ ಪಟ್ಟಿ ಇರುವ ಜಾಲತಾಣ ತೆಗೆಯಿರಿ. ಕಳೆದ ಐದು ವರ್ಷದ ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದು ನೋಡಿ. ವಿದ್ಯಾರ್ಥಿಗಳದೇ? ಅವರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರಿಗೆ ಪತ್ರ ಬರೆದು ಕೇಳಿ. 48ಕ್ಕಿಂತ ಜಾಸ್ತಿ ವಿಷಯ ಅಲ್ಲಿ ಸಿಗುತ್ತದೆ.

ಇನ್ನೊಂದು ಕೆಲಸ ಮಗಳಿಗೇ ಬಿಡಿ. ಒಂದು ಪೇಪರ್ ತೆಗೆದು, ಪ್ರಯೋಗ ಮಾಡಿದ ಬಗೆಯನ್ನು ಬರೆದಿರುವ ಭಾಗವನ್ನು ನಿಧಾನವಾಗಿ ಓದಲಿ. ಎಷ್ಟು ಇಲಿ? ಯಾವ ಇಲಿಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಅಂತ ಚೀಟಿ ಎತ್ತಿದ ಹಾಗೆ ಆರಿಸಿದರೇ? ಪರೀಕ್ಷೆ ನೋಡುತ್ತಿದ್ದವರಿಗೆ ಅದು ಗೊತ್ತಿತ್ತೇ? ಇವನ್ನೆಲ್ಲ ಬಿಡಿಸಿ ಬರೆಯಬೇಕು ಅಂತ 2010ರಿಂದ ಅರೈವ್ ಎಂಬ ಮಾರ್ಗಸೂಚಿಯೇ ಇದೆ. ಎಲ್ಲರೂ ಪಾಲಿಸುವುದಿಲ್ಲ.

ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ನೆನಪಿನ ಪರೀಕ್ಷೆಗೆ ನಾವು ನೀರಿನ ತೊಟ್ಟಿ ಬಳಸುತ್ತೇವೆ. 1980ರ ದಶಕದ ಶುರುವಿನಲ್ಲಿ ರಿಚರ್ಡ್ ಮಾರಿಸ್ ಎಂಬಾತ ಮಾಡಿದ ಉಪಾಯ. ದೊಡ್ಡ ದುಂಡನೆಯ ತೊಟ್ಟಿ. ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡಿರುತ್ತೇವೆ. ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಕಾಣದ ಹಾಗೆ, ಒಂದು ಪುಟ್ಟ ಕಟ್ಟೆ. ಇಲಿ ಮೂಗು ಮೇಲೆತ್ತಿಕೊಂಡು ಈಜಿ ಅದನ್ನು ಹುಡುಕಬೇಕು. ನಾನು ಸ್ಟಾಪ್‌ವಾಚ್ ಹಿಡಿದು ನಿಂತಿದ್ದೇನೆ. ಇಲಿ ಮುಂಗಾಲಿನಿಂದ ಕಟ್ಟೆ ಮುಟ್ಟಿತು, ಜಾರಿತು, ಒಂದು ಸುತ್ತು ಹಾಕಿ ಮತ್ತೆ ಬಂದು ಹತ್ತಿತು. ಗಡಿಯಾರ ನಿಲ್ಲಿಸುವುದು ಯಾವಾಗ? ಮುಟ್ಟಿದಾಗಲೋ, ನಾಲ್ಕೂ ಕಾಲು ಇಟ್ಟಾಗಲೋ? ಅದು ಔಷಧಿ ಕುಡಿದ ಇಲಿ ಅಂತ ನನಗೆ ಗೊತ್ತಿದ್ದರೆ ಕೈ ತಾನಾಗಿಯೇ ಮುಂಚೆ ಒತ್ತುತ್ತದೆ. ಬೇಕಂತ ಅಲ್ಲ. "ಬಾಯಿ ಸತ್ಯ ಹೇಳಿದರೂ ಹೆಬ್ಬೆರಳು ಸುಳ್ಳು ಹೇಳುತ್ತದಮ್ಮಾ" ಅಂತ ನಮ್ಮ ಗೈಡ್ ಅನ್ನುತ್ತಿದ್ದರು. ಆಮೇಲೆ ಅವರು ಪಂಜರಗಳ ಮೇಲಿನ ಚೀಟಿಗಳನ್ನು ತಾವೇ ಕಿತ್ತು, ಬರೀ ನಂಬರ್ ಅಂಟಿಸಿ, ಯಾವುದು ಯಾವುದೆಂಬ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಬೀಗದ ಸುದ್ದಿ ಯಾವ ಇಂಡೆಕ್ಸ್‌ನಲ್ಲೂ ಬರುವುದಿಲ್ಲ.

ಪ್ರಶ್ನೆ: ಯಾರ ಸೈಟೇಷನ್ ಜಾಸ್ತಿಯೋ ಅವರೇ ದೊಡ್ಡ ವಿಜ್ಞಾನಿ ಅಲ್ವಾ? ಇನ್ನೇನು ಅಳತೆ ಬೇಕು? — ಬಿ.ಫಾರ್ಮ. ವಿದ್ಯಾರ್ಥಿ

ಉತ್ತರ: ನೇಚರ್ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಸೈಟೇಷನ್ ಪಡೆದ ಪೇಪರ್‌ಗಳ ಪಟ್ಟಿ ಮಾಡಿತು. ಮೊದಲನೆಯದು ಯಾವುದು ಊಹಿಸು. ಡಿ.ಎನ್.ಎ. ಅಲ್ಲ, ಐನ್‌ಸ್ಟೈನ್ ಅಲ್ಲ. 1951ರಲ್ಲಿ ಬಂದ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ! ಆಗಲೇ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಬಂದಿತ್ತು. ಬರೆದವರಲ್ಲಿ ಮೊದಲಿಗ ಆಲಿವರ್ ಲೌರಿ. ನಮ್ಮವನೇ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ವಿಭಾಗದ ಮುಖ್ಯಸ್ಥ. ಪ್ರೋಟೀನ್ ಇದ್ದರೆ ದ್ರಾವಣ ನೀಲಿಯಾಗುತ್ತದೆ. ನೀಲಿ ಎಷ್ಟು ಗಾಢವೋ ಪ್ರೋಟೀನ್ ಅಷ್ಟು ಜಾಸ್ತಿ. ಪ್ರಪಂಚದ ಎಲ್ಲ ಲ್ಯಾಬುಗಳೂ ಅದನ್ನೇ ಮಾಡಿದವು, ಮಾಡಿದವರೆಲ್ಲ ಅವನ ಹೆಸರು ಬರೆದರು.

ಅದೇನೂ ಮಹಾ ಪೇಪರ್ ಅಲ್ಲ ಅಂತ ಲೌರಿಯೇ ಆಮೇಲೆ ಒಪ್ಪಿಕೊಂಡ. ಅಷ್ಟು ಜನ ಹೆಸರಿಸುವುದು ಒಳಗೊಳಗೇ ಖುಷಿ ಕೊಡುತ್ತದೆ ಅಂತಲೂ ಹೇಳಿದ. ಮನುಷ್ಯ ತಾನೇ! ಅವನ ನಿಜವಾದ ಹಠ ಬೇರೆಯಿತ್ತು. ಕ್ವಾರ್ಟ್ಸ್‌ನ ಒಂದು ಎಳೆಯನ್ನು ತಕ್ಕಡಿ ಮಾಡಿ, ಒಂದೇ ಒಂದು ನರಕೋಶವನ್ನು ತೂಗಿ, ಅದರೊಳಗಿನ ರಸಾಯನ ಅಳೆಯುವುದು. ನಾನು ಓದುವಾಗ ಬೆಚ್ಚಿಬಿದ್ದದ್ದು ಆ ತಕ್ಕಡಿಗೆ.

ಸೈಟೇಷನ್ ಅಂದರೆ ನಿನ್ನ ಹೆಸರನ್ನು ಎಷ್ಟು ಸಲ ಕೂಗಿದರು ಅನ್ನುವ ಲೆಕ್ಕ ಅಷ್ಟೇ. ಯಾಕೆ ಕೂಗಿದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಹೊಗಳಲು ಕೂಗಿದ್ದೂ ಒಂದು, ಬೈಯಲು ಕೂಗಿದ್ದೂ ಒಂದು, ಸಾಲಿನಲ್ಲಿ ನಿಂತವರನ್ನು ಸುಮ್ನೆ ಹಾಜರಿ ಕರೆದದ್ದೂ ಒಂದು.

ಪ್ರಶ್ನೆ: ಕೇಳಬಾರದೇನೋ, ಆದರೂ ಕೇಳುತ್ತೇನೆ. ನಿಮ್ಮ ಎಚ್-ಇಂಡೆಕ್ಸ್ ಎಷ್ಟು? — ಒಬ್ಬ ಕುತೂಹಲಿ

ಉತ್ತರ: 19. ಒಂದು ದಿನ ಮಾತ್ರ 21 ಆಗಿತ್ತು. ಬೆಳಿಗ್ಗೆ ನೋಡಿ ಖುಷಿಯಾಗಿ ತಂಗಿಗೆ ಫೋನ್ ಮಾಡಿದೆ. ಸಂಜೆ ಪಟ್ಟಿ ತೆಗೆದರೆ ಕೆರೆ ಮೀನುಗಳ ಜೀರ್ಣಾಂಗದ ಮೇಲೆ ನಾನು ಆರು ಪೇಪರ್ ಬರೆದಿದ್ದೇನೆ! ನನ್ನದೇ ಹೆಸರು, ನನ್ನದೇ ಇನಿಷಿಯಲ್ ಇರುವ ಇನ್ನೊಬ್ಬರು. ಕಂಪ್ಯೂಟರ್ ಇಬ್ಬರನ್ನೂ ಒಂದೇ ಮಾಡಿತ್ತು. ಅವರ ಮೀನುಗಳನ್ನು ಅವರಿಗೆ ಬಿಟ್ಟು ಮತ್ತೆ 19ಕ್ಕೆ ಇಳಿದೆ. ಇಂಥ ಗೊಂದಲ ತಪ್ಪಿಸಲೆಂದೇ 2012ರಿಂದ ಆರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ ಕೊಡುತ್ತಾರೆ. ಹೊಸಬರು ಮೊದಲ ಪೇಪರ್‌ಗೂ ಮುಂಚೆ ಅದನ್ನು ಮಾಡಿಸಿಕೊಳ್ಳಿ. ದುಡ್ಡಿಲ್ಲ.

ನನ್ನ ಅತಿ ಹೆಚ್ಚು ಸೈಟೇಷನ್‌ನ ಕೆಲಸ ಮೂರು ಪುಟದ ಒಂದು ಟಿಪ್ಪಣಿ. ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕವನ್ನು ಒಡೆಯುವ ಕಿಣ್ವ ಒಂದಿದೆ. ಡೊನೆಪೆಜಿಲ್‌ನಂಥ ಆಲ್ಜೈಮರ್ ಮಾತ್ರೆಗಳು ಅದನ್ನೇ ತಡೆಯುವುದು. ಅದನ್ನು ಅಳೆಯಲು ಎಲ್‌ಮನ್ ಮತ್ತು ಸಂಗಡಿಗರು 1961ರಲ್ಲಿ ಕೊಟ್ಟ ವಿಧಾನವನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಕಿಣ್ವ ಕೆಲಸ ಮಾಡಿದ ಹಾಗೆ ದ್ರಾವಣ ಸೇವಂತಿಗೆ ಹಳದಿಗೆ ತಿರುಗುತ್ತದೆ. ತೊಂದರೆ ಏನೆಂದರೆ, ಮಿದುಳಿನ ಅಂಗಾಂಶದಲ್ಲಿ ಮೊದಲೇ ಇರುವ ಗಂಧಕದ ಗುಂಪುಗಳೂ ಅದೇ ಹಳದಿ ಕೊಡುತ್ತವೆ. ಕಿಣ್ವ ಇನ್ನೂ ಕೆಲಸ ಶುರು ಮಾಡಿರುವುದೇ ಇಲ್ಲ, ಇಲ್ಲಿ ಆಗಲೇ ಹಳದಿ! ಆ ಹಳದಿ ಏರಿ ನಿಲ್ಲುವ ತನಕ ಕಾಯಬೇಕು, ಅದನ್ನು ಕಳೆಯಬೇಕು, ಆಮೇಲೆ ನಿಜವಾದ ಅಳತೆ. ಮಿದುಳಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಒಂದು ಕೋಷ್ಟಕ ಮಾಡಿ ಕಳಿಸಿದ್ದೆ. ಎರಡು ವಾರದ ಕೆಲಸ. 380 ಸಲ ಹೆಸರಿಸಿದ್ದಾರೆ.

ನಾಲ್ಕು ವರ್ಷ ಮುದಿ ಇಲಿಗಳ ಜೊತೆ ಒದ್ದಾಡಿ ಬರೆದ ಇನ್ನೊಂದಿದೆ. ಎಳೆಯ ಇಲಿಯಲ್ಲಿ ನೆನಪು ಸುಧಾರಿಸಿದ ಒಂದು ವಸ್ತು ಮುದಿ ಇಲಿಯಲ್ಲಿ ಏನೂ ಮಾಡಲಿಲ್ಲ ಅಂತ ತೋರಿಸಿದ್ದು. ಅದಕ್ಕೆ 11 ಸೈಟೇಷನ್. ಅದರಲ್ಲಿ ಮೂರು ನಾನೇ ಹೇಳಿಕೊಂಡದ್ದು. ಆದರೆ ಉಳಿದ ಎಂಟರಲ್ಲಿ ಒಬ್ಬರು ನನಗೆ ಪತ್ರ ಬರೆದು, "ನಿಮ್ಮದನ್ನು ಓದಿದ ಮೇಲೆ ನಾವು ಎಳೆಯ ಇಲಿಗಳ ಮೇಲೆ ಮಾಡಬೇಕೆಂದಿದ್ದ ಇಡೀ ಸರಣಿಯನ್ನು ಕೈಬಿಟ್ಟೆವು" ಅಂದರು. ಅವರ ಎರಡು ವರ್ಷ ಉಳಿಯಿತು, ಎಷ್ಟೋ ಇಲಿಗಳ ಜೀವವೂ ಉಳಿಯಿತು. ಪಟ್ಟಿಯಲ್ಲಿ ಅದೂ 1 ಅಂತಲೇ ಬಿದ್ದಿದೆ.

ಪ್ರಶ್ನೆ: ದೊಡ್ಡ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಯಲ್ಲಿ ಬಂದರೆ ಮಾತ್ರ ಕೆಲಸ, ಇಲ್ಲದಿದ್ದರೆ ರದ್ದಿ ಎನ್ನುತ್ತಾರೆ ನಮ್ಮ ಗೈಡ್. ನಿಜವೇ? — ಎರಡನೇ ವರ್ಷದ ಪಿಎಚ್.ಡಿ. ವಿದ್ಯಾರ್ಥಿನಿ

ಉತ್ತರ: ರದ್ದಿ ಅನ್ನುವುದು ಜಾಸ್ತಿಯಾಯಿತು. ಆದರೆ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ.

ಇಂಪ್ಯಾಕ್ಟ್ ಫ್ಯಾಕ್ಟರ್ ನಿನ್ನ ಪೇಪರ್‌ನ ಅಳತೆ ಅಲ್ಲ, ಪತ್ರಿಕೆಯ ಸರಾಸರಿ. ಹಿಂದಿನ ಎರಡು ವರ್ಷದಲ್ಲಿ ಆ ಪತ್ರಿಕೆ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಎಷ್ಟು ಸೈಟೇಷನ್ ಬಂತು, ಅದನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು. ಯೂಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲಿ ತನ್ನ ಸೈಟೇಷನ್ ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕು ಅಂತ ಆರಿಸಲು ಮಾಡಿಕೊಂಡ ಲೆಕ್ಕ. ಆಮೇಲೆ ಅದು ಜನರ ನೌಕರಿ ನಿರ್ಧರಿಸಲು ಬಂತು. ಹೀಗೆ ಬಳಸಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದವರು ಒಂದು ಘೋಷಣೆಯನ್ನೇ ಸಿದ್ಧಮಾಡಿದರು. ಸಹಿ ಹಾಕಿದ ಸಂಸ್ಥೆಗಳು ತುಂಬಾ. ಸಂದರ್ಶನದ ಕೋಣೆಯಲ್ಲಿ ಕೂತವರು ಇನ್ನೂ ಅದನ್ನೇ ಕೇಳುತ್ತಾರೆ. ಇದು ನಿನ್ನ ಗೈಡ್‌ಗೆ ಗೊತ್ತು, ಅದಕ್ಕೇ ಹೆದರಿಸುತ್ತಿದ್ದಾರೆ.

ಪತ್ರಿಕೆ ಯಾವುದು ಅನ್ನುವುದು ಮುಖ್ಯವೇ? ಸರ್ಪಗಂಧದ ಕಥೆ ಕೇಳು. ಆ ಬೇರು ರಕ್ತದೊತ್ತಡಕ್ಕೂ ಬುದ್ಧಿಭ್ರಮೆಗೂ ಉಪಯೋಗ ಅಂತ ಸೇನ್ ಮತ್ತು ಬೋಸ್ 1931ರಲ್ಲೇ ಭಾರತದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೊರಗಿನವರು ತಿರುಗಿಯೂ ನೋಡಲಿಲ್ಲ. 1949ರಲ್ಲಿ ರುಸ್ತುಂ ಜಾಲ್ ವಕೀಲ್ ಎಂಬ ವೈದ್ಯರು 50 ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಆಗ ಎಲ್ಲರ ಕಿವಿ ನೆಟ್ಟಗಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯವರು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಬೇರು ಅದೇ. ಆ ಎರಡು ಪೇಪರ್‌ಗಳ ನಡುವೆ 18 ವರ್ಷ ಹೋಯಿತು. ಅಂದರೆ ಎಲ್ಲಿ ಬರೆದೆ ಅನ್ನುವುದರಿಂದ ವ್ಯತ್ಯಾಸ ಆಗುತ್ತದೆ. ಬರೆದದ್ದು ಸರಿಯೋ ತಪ್ಪೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಷ್ಟೇ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರಿಸರ್ಪಿನ್ ಮಿದುಳಿನ ಸೆರೊಟೋನಿನ್ ಎಂಬ ಸಂದೇಶವಾಹಕವನ್ನು ಖಾಲಿ ಮಾಡುತ್ತದೆ ಅಂತ ಅಮೆರಿಕದ ಬರ್ನಾರ್ಡ್ ಬ್ರಾಡಿಯ ಲ್ಯಾಬ್ 1955ರಲ್ಲಿ ತೋರಿಸಿತು. ಅಲ್ಲಿಗೆ ಕಲಿಯಲು ಬಂದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಊರಿಗೆ ಹಿಂತಿರುಗಿ ಮೊಲಗಳಿಗೆ ರಿಸರ್ಪಿನ್ ಕೊಟ್ಟ. ಮೊಲ ಕಿವಿ ಜೋತುಬಿಟ್ಟು, ಅಲುಗದೆ ಮುದುಡಿ ಕೂತವು. ಆಮೇಲೆ ಎಲ್-ಡೋಪಾ ಚುಚ್ಚಿದ, ಡೋಪಮೈನ್ ಎಂಬ ಇನ್ನೊಂದು ಸಂದೇಶವಾಹಕವನ್ನು ಮಿದುಳು ಮಾಡಿಕೊಳ್ಳುವುದು ಅದರಿಂದಲೇ. ಸ್ವಲ್ಪ ಹೊತ್ತಿಗೆ ಕಿವಿ ಮೇಲೆದ್ದಿತು, ಮೊಲ ಓಡಾಡಿತು. 1957ರಲ್ಲಿ ನೇಚರ್‌ನಲ್ಲಿ ಬಂದ ಆ ವರದಿ ಒಂದೇ ಪುಟ. ಪಾರ್ಕಿನ್ಸನ್ ರೋಗಿಗಳು ಇವತ್ತಿಗೂ ನುಂಗುವ ಮಾತ್ರೆಯ ದಾರಿ ಆ ಪುಟದಿಂದ ಶುರುವಾಯಿತು. ಆದರೆ ನೇಚರ್‌ನಲ್ಲಿ ಬಂದ ಮಾತ್ರಕ್ಕೆ ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡ. 1960ರಲ್ಲಿ ಲಂಡನ್ನಿನ ಸಭೆಯಲ್ಲಿ ಅವನ ಮಾತನ್ನು ಹಿರಿಯರು ನಂಬಲಿಲ್ಲ. ನೊಬೆಲ್ ಬಂದದ್ದು 2000ದಲ್ಲಿ.

ನಿನಗೆ ನನ್ನ ಸಲಹೆ: ನಿನ್ನ ವಿಷಯ ಓದುವವರು ಯಾವ ಪತ್ರಿಕೆ ತೆಗೆಯುತ್ತಾರೋ ಅಲ್ಲಿಗೆ ಕಳಿಸು. ಬ್ರಿಟಿಷ್ ಜರ್ನಲ್ ಆಫ್ ಫಾರ್ಮಕಾಲಜಿಯಂಥ ಹಳೆಯ, ಗಟ್ಟಿ ಪತ್ರಿಕೆಗಳಿವೆ. ವಿಮರ್ಶಕರು ಬೆವರಿಳಿಸುತ್ತಾರೆ, ಆದರೆ ಪೇಪರ್ ಸುಧಾರಿಸುತ್ತದೆ.

ಪ್ರಶ್ನೆ: ಎರಡು ವರ್ಷ ಇಲಿಗಳ ಕೆಲಸ ನಾನು ಮಾಡಿದೆ. ಪೇಪರ್‌ನಲ್ಲಿ ನನ್ನ ಹೆಸರು ನಾಲ್ಕನೆಯದು. ನಾಲ್ಕನೆಯ ಹೆಸರಿಗೆ ಬೆಲೆ ಇದೆಯೇ? — ಹೆಸರು ಬೇಡ

ಉತ್ತರ: ಸೈಟೇಷನ್ ಲೆಕ್ಕದಲ್ಲಿ ಇದೆ. ಮೊದಲನೆಯವರಿಗೂ ನಾಲ್ಕನೆಯವರಿಗೂ ಯಂತ್ರ ಒಂದೇ ಅಂಕಿ ಕೊಡುತ್ತದೆ. ಮನುಷ್ಯರ ಲೆಕ್ಕದಲ್ಲಿ ಕಡಿಮೆ. ನಮ್ಮ ಶಾಸ್ತ್ರದಲ್ಲಿ ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿ ಬರೆದವರು ಮೊದಲು, ಲ್ಯಾಬಿನ ಯಜಮಾನರು ಕೊನೆಗೆ. ನಡುವಿನವರನ್ನು ಯಾರೂ ಓದುವುದಿಲ್ಲ.

ಮೊದಲ ಹೆಸರಿದ್ದರೂ ಎಲ್ಲ ಸರಿಯಾಗುತ್ತದೆ ಅಂತಿಲ್ಲ. ಅಫೀಮು ಜಾತಿಯ ಔಷಧಿಗಳು ಮಿದುಳಿನಲ್ಲಿ ಹಿಡಿದುಕೊಳ್ಳುವ ಜಾಗ, ಓಪಿಯೇಟ್ ರಿಸೆಪ್ಟರ್, ಅದನ್ನು ತೋರಿಸಿದ 1973ರ ಪೇಪರ್‌ನಲ್ಲಿ ಮೊದಲ ಹೆಸರು ಕ್ಯಾಂಡೇಸ್ ಪರ್ಟ್. ಆಗ ಆಕೆ ವಿದ್ಯಾರ್ಥಿನಿ. ಎರಡನೆಯ ಹೆಸರು ಗೈಡ್ ಸಾಲೊಮನ್ ಸ್ನೈಡರ್. ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ 1978ರಲ್ಲಿ ಸ್ನೈಡರ್‌ಗೆ ಬಂತು, ಜೊತೆಗೆ ಮಿದುಳಿನದೇ ಅಫೀಮಿನಂಥ ವಸ್ತು ಕಂಡುಹಿಡಿದ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್‌ಗೆ. ಪರ್ಟ್‌ಗೆ ಬರಲಿಲ್ಲ. ಆಕೆ ಸುಮ್ಮನಿರಲಿಲ್ಲ, ಬಹಿರಂಗವಾಗಿ ಪ್ರತಿಭಟಿಸಿದಳು.

ನೀವು ಮುಂದಿನ ಸಲ ಪ್ರಯೋಗ ಶುರುವಾಗುವ ಮೊದಲೇ ಕೇಳಿ: "ಇದು ಬರೆದಾಗ ಹೆಸರುಗಳ ಸಾಲು ಹೇಗಿರುತ್ತದೆ ಸರ್?" ಮುಜುಗರ ಆಗುತ್ತದೆ, ಗೊತ್ತು. ಕೊನೆಯಲ್ಲಿ ಕೇಳಿದರೆ ಜಗಳ ಆಗುತ್ತದೆ. ಈಗ ಎಷ್ಟೋ ಪತ್ರಿಕೆಗಳು ಯಾರು ಏನು ಮಾಡಿದರು ಅಂತ ಸಾಲು ಸಾಲಾಗಿ ಬರೆಸುತ್ತವೆ. "ಪ್ರಾಣಿ ಪ್ರಯೋಗ ಮಾಡಿದವರು" ಅನ್ನುವ ಮಾತಿನ ಎದುರು ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಒಂದು ಪೇಪರ್ ಸುಳ್ಳು ಅಂತ ಗೊತ್ತಾದರೆ ಅದರ ಸೈಟೇಷನ್‌ಗಳನ್ನು ಕಳೆಯುತ್ತಾರೆಯೇ? — ನಿವೃತ್ತ ಶಿಕ್ಷಕ

ಉತ್ತರ: ಇಲ್ಲ ಸರ್. ಅದೇ ನೋವು. 2006ರಲ್ಲಿ ನೇಚರ್‌ನಲ್ಲಿ ಆಲ್ಜೈಮರ್ ಬಗ್ಗೆ ಒಂದು ಪೇಪರ್ ಬಂತು. ಆಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್ ಪ್ರೋಟೀನಿನ ಒಂದು ನಿರ್ದಿಷ್ಟ ರೂಪ ಇಲಿಗಳ ನೆನಪು ಕೆಡಿಸುತ್ತದೆ ಅಂತ. 2,000ಕ್ಕೂ ಜಾಸ್ತಿ ಸಲ ಹೆಸರಿಸಿದರು. 2022ರಲ್ಲಿ ಅದರ ಚಿತ್ರಗಳನ್ನು ತಿದ್ದಿದ ಹಾಗಿದೆ ಅನ್ನುವ ಅನುಮಾನವನ್ನು ಸೈನ್ಸ್ ಪತ್ರಿಕೆ ಹೊರಗೆ ತಂದಿತು. 2024ರಲ್ಲಿ ಪೇಪರನ್ನು ಹಿಂದಕ್ಕೆ ತೆಗೆದುಕೊಂಡರು. 18 ವರ್ಷ, ಮತ್ತೆ ಅದೇ ಹದಿನೆಂಟು! ಹಿಂಪಡೆದದ್ದು ಅಂತ ಮೇಲೆ ಮೊಹರು ಬೀಳುತ್ತದೆ, ಆದರೆ ಆ ಎರಡು ಸಾವಿರ ಹಾಗೇ ಇರುತ್ತದೆ. ಅಮೈಲಾಯ್ಡ್ ಕುರಿತ ಎಲ್ಲವೂ ಇದರ ಮೇಲೆ ನಿಂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಈ ಒಂದರ ಹಿಂದೆ ಓಡಿದವರ ವರ್ಷಗಳನ್ನು ಯಾರು ವಾಪಸು ಕೊಡುತ್ತಾರೆ?

ಪ್ರಶ್ನೆ: "ನಿಮ್ಮ ಅಮೂಲ್ಯ ಲೇಖನ ಕಳಿಸಿ, ಐದು ದಿನದಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಇಷ್ಟು" ಅಂತ ದಿನಾ ಇಮೇಲ್ ಬರುತ್ತದೆ. ಕಳಿಸಲೇ? — ಉಪನ್ಯಾಸಕ

ಉತ್ತರ: ಬೇಡ. ಐದು ದಿನದಲ್ಲಿ ಯಾರೂ ಓದಿರುವುದಿಲ್ಲ.

ಪ್ರಶ್ನೆ: ನಿವೃತ್ತಿಯಾದ ಮೇಲೂ ನಿಮ್ಮ ಸೈಟೇಷನ್ ನೋಡುತ್ತೀರಾ, ನಿಜ ಹೇಳಿ? — ನಿಮ್ಮ ಹಳೆಯ ವಿದ್ಯಾರ್ಥಿ

ಉತ್ತರ: ಯಾರು ಅಂತ ಗೊತ್ತಾಯಿತು ಬಿಡು, ಆ ಅಕ್ಷರ ಮರೆಯುವುದುಂಟೇ. ನೋಡುತ್ತೇನೆ. ಈ ಉತ್ತರಗಳನ್ನು ಬರೆಯಲು ಕೂತಾಗಲೂ ನೋಡಿದೆ. ಮುದಿ ಇಲಿಗಳ ಪೇಪರ್‌ಗೆ 11 ಅಂತ ಮೇಲೆ ಬರೆದಿದ್ದೇನಲ್ಲ, ಈಗ 12 ಆಗಿದೆ. ತೆಗೆದು ನೋಡಿದರೆ, ನಾನು ಕೊಟ್ಟ ಡೋಸ್ ಮುದಿ ಇಲಿಗಳಿಗೆ ಸಾಲುತ್ತಿರಲಿಲ್ಲ, ಎರಡರಷ್ಟು ಕೊಟ್ಟರೆ ಸ್ವಲ್ಪ ಸುಧಾರಣೆ ಕಾಣುತ್ತದೆ ಅಂತ ಇಬ್ಬರು ಹುಡುಗರು ತೋರಿಸಿದ್ದಾರೆ. ಇಲಿಗಳ ಸಂಖ್ಯೆ ಬರೆದಿದ್ದಾರೆ, ನೋಡುವವರಿಗೆ ಗೊತ್ತಿರದ ಹಾಗೆ ಮಾಡಿದ್ದನ್ನೂ ಬರೆದಿದ್ದಾರೆ. ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಮೂರನೆಯ ಚಿತ್ರದ ಬಗ್ಗೆ ಒಂದು ಅನುಮಾನ ಇದೆ. ಅವರಿಗೆ ಬರೆದು ಕೇಳಬೇಕು.